ಅಲ್ಪ ವೆಚ್ಚದ ಹವಳತೊಟ್ಟಿ: ಶ್ರಾವಕಾಚಾರದ ದೃಷ್ಟಿಯಿಂದ ಒಂದು ವಿಮರ್ಶೆ

ನೀರನ್ನು ಗಾಳಿಸಿ ಬಳಸಬೇಕೆಂಬುದು ಶ್ರಾವಕರ ಮನೆಯಲ್ಲಿ ಮಕ್ಕಳು ಕಲಿಯುವ ಮೊದಲ ಆಚಾರಗಳಲ್ಲೊಂದು. ಮಡಿಚಿದ ದಪ್ಪ ಬಟ್ಟೆಯನ್ನು ಕೊಡದ ಬಾಯಿಗೆ ಹಿಡಿದು ನೀರು ಸೋಸುವುದು ಆ ಆಚಾರದ ಅರ್ಧಭಾಗ ಮಾತ್ರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು, ಸೋಸಿದ ನೀರನ್ನೇ ಮೇಲಿನಿಂದ ಹಾಕಿ, ಅವು ಬಂದ ಬಾವಿಗೇ ಮರಳಿ ಸೇರಿಸುವುದು ಉಳಿದರ್ಧ. ಒಂದು ಬಾವಿಯ ಜೀವಿಗಳನ್ನು ಮತ್ತೊಂದು ಬಾವಿಗೆ ಬಿಡಬಾರದು, ನೀರು ಬೇರೆಯಾದರೆ ಜೀವಕ್ಕೆ ಬಾಧೆಯಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಮನೆಮನೆಗೆ ನಲ್ಲಿ ಬಂದ ಮೇಲೆ ಮೊದಲರ್ಧ ಹೇಗೋ ಉಳಿದುಕೊಂಡಿದೆ. ಎರಡನೆಯದು ಬಹುಮಟ್ಟಿಗೆ ಮರೆತುಹೋಗಿದೆ. ಅದನ್ನು ಮತ್ತೆ ನೆನಪಿಗೆ ತರುವ ಪ್ರಸಂಗವೊಂದು ಇತ್ತೀಚೆಗೆ ಒದಗಿತು.

ಗೋಕಾಕದಲ್ಲಿ ನಮ್ಮ ಬಸದಿಯ ಟ್ರಸ್ಟಿಗೆ ಸೇರಿದ ಮಂಗಲ ಕಾರ್ಯಾಲಯಕ್ಕೆ ಮೂಡಲಗಿಯ ಶ್ರಾವಕರೊಬ್ಬರು ತಮ್ಮ ತಾಯಿಯ ಸ್ಮರಣಾರ್ಥವಾಗಿ ಒಂದು ಹವಳತೊಟ್ಟಿಯನ್ನು ಕೊಡಲು ಮುಂದೆ ಬಂದಿದ್ದಾರೆ. ಸಿಹಿನೀರಿನ ಮೀನಿನ ಪೆಟ್ಟಿಗೆಯಲ್ಲ. ಉಪ್ಪುನೀರು, ಜೀವಂತ ಹವಳ, ಕಡಲಮೀನುಗಳಿರುವ ತೊಟ್ಟಿ. ಅದರ ಯೋಜನೆಯನ್ನು ಸಿದ್ಧಪಡಿಸಿದವನು ಕಾಲೇಜಿನಲ್ಲಿ ಓದುತ್ತಿರುವ ಅವರ ಮಗ. ಕೈಗೆ ಸಿಕ್ಕ ಕೈಪಿಡಿಗಳನ್ನೆಲ್ಲ ಓದಿ, 'ಕಡಿಮೆ ಖರ್ಚಿನಲ್ಲಿ ಮೊದಲ ಹವಳತೊಟ್ಟಿ' ಎಂದು ತಲೆಬರಹ ಕೊಟ್ಟು, ನೋಟುಬುಕ್ಕಿನಲ್ಲಿ ಹನ್ನೆರಡು ಪುಟ ಬರೆದಿದ್ದಾನೆ. ಟ್ರಸ್ಟಿನ ಸದಸ್ಯನೆಂಬ ಕಾರಣಕ್ಕೆ ಅದು ನನ್ನ ಅಭಿಪ್ರಾಯಕ್ಕೆ ಬಂದಿತು. ಈ ಲೇಖನ ಆ ಹುಡುಗನ ಮೇಲಿನ ಆಕ್ಷೇಪವಲ್ಲ. ಆ ಪುಟಗಳಲ್ಲಿಯೂ ಅವಕ್ಕೆ ಆಧಾರವಾದ ಕೈಪಿಡಿಗಳಲ್ಲಿಯೂ ಇರುವ ವಿಚಾರಸರಣಿಯ ವಿಮರ್ಶೆ.

ಮೊದಲು ಯೋಜನೆಯ ಗುಣವನ್ನು ಹೇಳಬೇಕು. ಹುಡುಗ ಶ್ರದ್ಧೆಯಿಂದ ಓದಿದ್ದಾನೆ. ನೂರು ಲೀಟರ್ ತೊಟ್ಟಿಗೆ ಸುಮಾರು ಮೂರೂವರೆ ಕಿಲೋ ಸಮುದ್ರಲವಣದ ಮಿಶ್ರಣ ಬೇಕು. ಒಂದು ಲೀಟರ್ ನೀರಿನಲ್ಲಿ ಉಪ್ಪು ಸುಮಾರು 35 ಗ್ರಾಮಿನಷ್ಟಿರಬೇಕು. ಉಷ್ಣತೆ 24ರಿಂದ 27 ಡಿಗ್ರಿಯೊಳಗೆ ನಿಲ್ಲಬೇಕು. ಹವಳ ತನ್ನ ಗೂಡು ಕಟ್ಟಿಕೊಳ್ಳಲು ನೀರಿನಲ್ಲಿ ಸುಣ್ಣದ ಅಂಶ ಸಾಕಷ್ಟಿರಬೇಕು. ಕೊಳವೆಬಾವಿಯ ಗಡಸು ನೀರು ಒಗ್ಗದು, ಆರ್.ಓ. ನೀರೇ ಆಗಬೇಕು, ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರು ಬದಲಿಸಬೇಕು. ಇವೆಲ್ಲ ಸರಿಯಾಗಿವೆ. ಮೀನಿನ ಮಲಮೂತ್ರದಿಂದ ಹುಟ್ಟುವ ವಿಷಕರ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟಾಗಿಯೂ, ಮತ್ತೊಂದು ಬಗೆಯವು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ ಎಂಬುದನ್ನೂ ಚಿತ್ರ ಬರೆದು ವಿವರಿಸಿದ್ದಾನೆ. ಇಷ್ಟು ಜಾಗರೂಕತೆಯಿಂದ ಮನೆಯ ನೀರನ್ನು ಲೆಕ್ಕಿಸುವ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಆದರೆ ತಲೆಬರಹದಲ್ಲಿರುವ 'ಕಡಿಮೆ ಖರ್ಚು' ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಖರ್ಚು ಎಲ್ಲಿ ಕಡಿಮೆಯಾಯಿತು? ಕಡಿಮೆಯಾದದ್ದನ್ನು ಯಾರು ತೆತ್ತರು? ವಿಮರ್ಶೆಯ ಮುಖ್ಯ ಪ್ರಶ್ನೆ ಇದು.

ಕೈಪಿಡಿಗಳು ಬಹುಪಾಲು ಶೀತದೇಶಗಳಲ್ಲಿ ಹುಟ್ಟಿದವು. ಅಲ್ಲಿ ನೀರನ್ನು ಬೆಚ್ಚಗಿಡಲು ಒಂದು ಹೀಟರ್ ಸಾಕು. ಅದು ಅಗ್ಗದ ವಸ್ತು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಹಗಲಿನ ಬಿಸಿ 38-40 ಡಿಗ್ರಿಯನ್ನು ಮುಟ್ಟುವುದುಂಟು. ಇಲ್ಲಿ ಬೇಕಾದುದು ನೀರನ್ನು ತಣ್ಣಗಿಡುವ ಚಿಲ್ಲರ್. ಇಡೀ ಪಟ್ಟಿಯಲ್ಲಿ ಅತ್ಯಂತ ದುಬಾರಿಯಾಗಬೇಕಾಗಿದ್ದ ಈ ಯಂತ್ರವೇ ಹುಡುಗನ ಪಟ್ಟಿಯಲ್ಲಿಲ್ಲ. ಸಮುದ್ರದ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೂ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ; 1998ರಲ್ಲಿ ಲಕ್ಷದ್ವೀಪದ ಹವಳದಿಬ್ಬಗಳಲ್ಲಿ ಬಹುಭಾಗ ಹೀಗೆಯೇ ನಾಶವಾಯಿತು. ಮಹಾಸಾಗರದಲ್ಲಿಯೇ ತಡೆದುಕೊಳ್ಳಲಾಗದ ತಾಪವನ್ನು ಗಾಜಿನ ತೊಟ್ಟಿಯಲ್ಲಿ ಹೇಗೆ ತಡೆದುಕೊಂಡೀತು? ಇಲ್ಲಿ ಉಳಿಸಿದ ಹಣವನ್ನು ತೆರುವುದು ಹವಳದ ಪ್ರಾಣ.

ಹುಕ್ಕೇರಿಯ ಪರಿಚಿತರೊಬ್ಬರು ಇಂಥ ತೊಟ್ಟಿಯೊಂದನ್ನು ಎರಡು ವರ್ಷ ಬಹಳ ಅಕ್ಕರೆಯಿಂದ ನಡೆಸಿದರು. ಒಂದು ಮೇ ತಿಂಗಳ ರಾತ್ರಿ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ತಂತಿ ಹರಿಯಿತು. ಪಂಪು ನಿಂತರೆ ನೀರಿನಲ್ಲಿ ಪ್ರಾಣವಾಯು ಕೆಲವೇ ಗಂಟೆಗಳಲ್ಲಿ ಕುಗ್ಗುತ್ತದೆ. ಅವರು ನಸುಕಿನವರೆಗೆ ಲೋಟದಿಂದ ನೀರನ್ನು ಮೇಲಿನಿಂದ ಸುರಿಯುತ್ತ ಕುಳಿತಿದ್ದರಂತೆ. ಬೆಳಗಾಗುವುದರೊಳಗೆ ಒಂದು ಏಡಿಯ ಹೊರತು ಏನೂ ಉಳಿಯಲಿಲ್ಲ. ಯಾರದೂ ತಪ್ಪಿಲ್ಲ. ಆದರೂ ಆ ದಿನ ಮನೆಯಲ್ಲಿ ಒಲೆ ಹಚ್ಚಲು ಮನಸ್ಸಾಗಲಿಲ್ಲವೆಂದು ಅವರು ಹೇಳಿದರು. ತಂತಿಯ ಎಳೆಯೊಂದಕ್ಕೆ ಅಷ್ಟು ಜೀವಗಳನ್ನು ತೂಗುಹಾಕಿದ್ದೆನೆಂಬ ಅರಿವು ಅಂದು ತಮಗಾಯಿತೆಂದೂ ಹೇಳಿದರು.

ಇನ್ನು ಪಟ್ಟಿಯ ಒಂದೊಂದು ಬಾಬನ್ನು ನೋಡೋಣ. ಹೊಸ ತೊಟ್ಟಿ ಪಕ್ವವಾಗುವ ತನಕ 'ಗಟ್ಟಿ ಜಾತಿಯ ಒಂದೆರಡು ಅಗ್ಗದ ಮೀನು' ಬಿಡಬೇಕೆಂದಿದೆ. ಇವು ಸಾಮಾನ್ಯವಾಗಿ ಡ್ಯಾಮ್ಸೆಲ್ ಎಂಬ ಚಿಕ್ಕ ಮೀನುಗಳು. ಅಮೋನಿಯದ ಉರಿಯಲ್ಲಿ ಅವು ಬದುಕಿದರೆ ಲಾಭ, ಸತ್ತರೆ ನಷ್ಟವಿಲ್ಲ ಎಂಬುದು ಇದರ ಅರ್ಥ. ಈಚಿನ ಒಳ್ಳೆಯ ಕೈಪಿಡಿಗಳೇ ಇದನ್ನು ಬೇಡವೆನ್ನುತ್ತವೆ, ಮೀನಿಲ್ಲದೆ ಅಮೋನಿಯದ ಲವಣ ಹಾಕಿ ತೊಟ್ಟಿಯನ್ನು ಪಕ್ವಗೊಳಿಸಬಹುದೆನ್ನುತ್ತವೆ. ಆದರೆ ಅಗ್ಗದ ದಾರಿಯಾಗಿ ಹಳೆಯ ಪದ್ಧತಿ ಇನ್ನೂ ಉಳಿದಿದೆ. ಪಾಚಿ ತಿನ್ನಲು ಶಂಖದಹುಳು, ಏಡಿಗಳ ಒಂದು ಪಡೆ ಬೇಕೆಂದೂ, ಅವು ಸಾಯುತ್ತ ಹೋದಂತೆ ಹೊಸದನ್ನು ತುಂಬುತ್ತಿರಬೇಕೆಂದೂ ಬರೆದಿದೆ. ಪೊರಕೆ ಸವೆದರೆ ಹೊಸದು ತರುವ ಹಾಗೆಯೇ ಈ ಮಾತು.

ಮೀನುಗಳು ಎಲ್ಲಿಂದ ಬರುತ್ತವೆ? ಸಿಹಿನೀರಿನ ಅಲಂಕಾರದ ಮೀನುಗಳನ್ನು ಬಹುಮಟ್ಟಿಗೆ ಕೊಳಗಳಲ್ಲಿ ಬೆಳೆಸುತ್ತಾರೆ. ಕಡಲಮೀನುಗಳ ಮಾತು ಹಾಗಲ್ಲ. ಅವುಗಳಲ್ಲಿ ಬಹುಪಾಲನ್ನು ಹವಳದಿಬ್ಬಗಳಿಂದಲೇ ಹಿಡಿದು ತರಲಾಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2003ರ ವರದಿಯೊಂದು ಹೀಗೆ ವ್ಯಾಪಾರವಾಗುವ ಕಡಲಮೀನುಗಳ ಸಂಖ್ಯೆ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚೆಂದು ಅಂದಾಜು ಮಾಡಿತ್ತು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಸಯನೈಡ್ ದ್ರಾವಣವನ್ನು ಹವಳದ ಸಂದುಗಳಿಗೆ ಚಿಮ್ಮಿಸಿ, ಮೀನುಗಳನ್ನು ಮೂರ್ಛೆಗೊಳಿಸಿ ಹಿಡಿಯುವ ಪದ್ಧತಿ ಬೆಳೆಯಿತು. ಅದರಿಂದ ಸುತ್ತಲಿನ ಹವಳವೂ ಸಾಯುತ್ತದೆ. ಅಂಗಡಿಯ ಮೀನಿನ ಮೈಮೇಲೆ ಅದನ್ನು ಹೇಗೆ ಹಿಡಿದರೆಂದು ಬರೆದಿರುವುದಿಲ್ಲ. ಬೆಲೆ ಕಡಿಮೆಯಿದ್ದಷ್ಟೂ ಆ ಪ್ರಶ್ನೆಯನ್ನು ಕೇಳುವವರೂ ಕಡಿಮೆ.

ಟ್ರಸ್ಟುಗಳು ಅವಶ್ಯವಾಗಿ ತಿಳಿದಿರಬೇಕಾದ ಮತ್ತೊಂದು ವಿಷಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆಗಳನ್ನೂ ಕುದುರೆಮೀನುಗಳನ್ನೂ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಮೊದಲನೆಯ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸವುಂಟು. ಹುಡುಗನ ಪಟ್ಟಿಯ ಕೊನೆಯಲ್ಲಿ 'ಪರಿಚಯದವರಿಂದ ಹವಳದ ತುಂಡು, ಬಿಲ್ಲಿಲ್ಲದೆ, ಅರ್ಧ ಬೆಲೆಗೆ' ಎಂದಿದೆ. ಇದು ಬಸದಿಯ ಆಸ್ತಿಯ ಪಟ್ಟಿಯಲ್ಲಿ ಬರೆಯಬಹುದಾದ ವಸ್ತುವೆ? ಚೋರಾದಾನವನ್ನು, ಎಂದರೆ ಕದ್ದುದನ್ನು ಕೊಳ್ಳುವುದನ್ನು, ಅಚೌರ್ಯವ್ರತದ ಅತಿಚಾರಗಳಲ್ಲಿ ನಮ್ಮ ಆಚಾರ್ಯರು ಎಣಿಸಿರುವುದು ಮರೆಯುವಂತಿಲ್ಲ.

ಈಗ ಶ್ರಾವಕಾಚಾರದ ಮುಖ್ಯ ಪ್ರಶ್ನೆಗೆ ಬರೋಣ. ಯೋಜನೆಯನ್ನು ಓದಿ ನಾನು ಆಕ್ಷೇಪವೆತ್ತಿದಾಗ ಹುಡುಗ ಕೇಳಿದ: "ಕಾಕಾ, ಇದರಾಗ ತಪ್ಪೇನೈತಿ? ನಾವೇನ ಅವನ್ನ ಕೊಲ್ಲೂದಿಲ್ಲ, ಸಾಕತೀವಿ." ಈ ಮಾತಿಗೆ ಉತ್ತರ ಕೊಡಬೇಕಾದುದು ಹಿರಿಯರ ಕರ್ತವ್ಯ. ಗದರಿಸಿ ಸುಮ್ಮನಾಗಿಸುವುದು ಉತ್ತರವಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಈ ಐದೂ ಕೊಲ್ಲುವವನಿಗಿಂತ ಹೆಚ್ಚಾಗಿ ಸಾಕುವವನನ್ನು ಕುರಿತವು ಎಂಬುದನ್ನು ಗಮನಿಸಬೇಕು. ಕೊಲ್ಲುವುದನ್ನು ಬಿಟ್ಟವನು ಸಾಕುವುದರಲ್ಲಿ ಎಡವಬಹುದೆಂದು ಸೂತ್ರಕಾರರು ತಿಳಿದಿದ್ದರು.

ಬಂಧವೆಂದರೆ ಜೀವಿಯನ್ನು ಅದರ ಇಷ್ಟವಾದ ಎಡೆಗೆ ಹೋಗದಂತೆ ತಡೆಯುವುದು ಎಂದು ಪೂಜ್ಯಪಾದರ ವ್ಯಾಖ್ಯಾನ. ತೊಟ್ಟಿಯ ನಾಲ್ಕು ಗಾಜುಗಳು ಇದಕ್ಕೆ ಬೇರೆ ನಿದರ್ಶನ ಬೇಡದಂತೆ ನಿಂತಿವೆ. ಛೇದವೆಂದರೆ ಅವಯವಗಳನ್ನು ಕತ್ತರಿಸುವುದು; ಹವಳವನ್ನು ಗರಗಸದಿಂದಲೋ ಕತ್ತರಿಯಿಂದಲೋ ತುಂಡರಿಸಿ, ತುಂಡುಗಳನ್ನು ಬೆಳೆಸಿ ಹಂಚುವುದು ಈ ಹವ್ಯಾಸದ ಅತ್ಯಂತ ಅಗ್ಗದ ದಾರಿ. ಅತಿಭಾರವೆಂದರೆ ಶಕ್ತಿಗೆ ಮೀರಿದ ಹೊರೆ. ನೂರು ಲೀಟರ್ ನೀರಿನಲ್ಲಿ ಹತ್ತು ಮೀನುಗಳನ್ನು ತುಂಬುವುದು ನೀರಿನ ಮೇಲೆ, ಅದರ ಮೂಲಕ ಜೀವಿಗಳ ಮೇಲೆ, ಹೊರಿಸುವ ಭಾರವೇ. ಅನ್ನಪಾನನಿರೋಧಕ್ಕೆ ಮ್ಯಾಂಡರಿನ್ ಎಂಬ ಬಣ್ಣದ ಮೀನೊಂದೇ ಸಾಕು. ಅದು ಜೀವಂತ ಸೂಕ್ಷ್ಮಜಲಚರಗಳ ಹೊರತು ಬೇರೆ ಆಹಾರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ; ಸಣ್ಣ ತೊಟ್ಟಿಯಲ್ಲಿ ಅವು ಮುಗಿದ ಮೇಲೆ ಎಲ್ಲರ ಕಣ್ಣೆದುರಿಗೇ ಹಸಿದು ಸಾಯುತ್ತದೆ. ಪರ್ವದಿನಗಳಲ್ಲಿ ನಾವು ಸ್ವ-ಇಚ್ಛೆಯಿಂದ ಉಪವಾಸ ಮಾಡುತ್ತೇವೆ. ಅದಕ್ಕೆ ಆ ಆಯ್ಕೆಯಿಲ್ಲ.

ವಧವೆಂಬ ಮಾತಿಗೆ ಇಲ್ಲಿ ಹೊಡೆತವೆಂದೇ ಅರ್ಥ, ಪ್ರಾಣಹರಣವೆಂದಲ್ಲ, ಏಕೆಂದರೆ ಪ್ರಾಣಹರಣವನ್ನು ಶ್ರಾವಕನು ಮೊದಲೇ ತ್ಯಜಿಸಿರುತ್ತಾನೆ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ತೊಟ್ಟಿಯಲ್ಲಾದರೋ ಪ್ರಾಣಹರಣವೇ ನಡೆಯಬೇಕು. ಕಡಲಿನ ಕಲ್ಲಿನೊಡನೆ ಬರುವ ಐಪ್ಟೇಸಿಯಾ ಎಂಬ ಹೂವಿನಂಥ ಚಿಕ್ಕ ಪ್ರಾಣಿ ಹವಳಕ್ಕೆ ಕಂಟಕ. ಅದಕ್ಕೆ ಸುಣ್ಣದ ನೀರನ್ನೋ ನಿಂಬೆರಸವನ್ನೋ ಸೂಜಿಯಿಂದ ಚುಚ್ಚಿ ಕೊಲ್ಲಬೇಕೆಂದು ನೋಟುಬುಕ್ಕಿನ ಒಂಬತ್ತನೆಯ ಪುಟದಲ್ಲಿದೆ. ಮೀನುಗಳ ಆಹಾರವೆಂದು ಹೆಪ್ಪುಗಟ್ಟಿಸಿದ ಸಿಗಡಿಯನ್ನು ಫ್ರಿಜ್ಜಿನಲ್ಲಿಡಬೇಕೆಂದು ಹತ್ತನೆಯ ಪುಟದಲ್ಲಿದೆ. ಕಂದಮೂಲವನ್ನು ಬಿಟ್ಟ ಮನೆಗಳೂ, ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳೂ ನಮ್ಮ ಮೂರು ತಾಲೂಕುಗಳಲ್ಲಿ ಇನ್ನೂ ಇವೆ. ಅಂಥವರ ಮದುವೆಗಳು ನಡೆಯುವ ಕಾರ್ಯಾಲಯದ ಫ್ರಿಜ್ಜಿನಲ್ಲಿ ಹಾಲಿನ ಪಕ್ಕಕ್ಕೆ ಸಿಗಡಿಯ ಪೊಟ್ಟಣವಿರಬೇಕೆ? 'ಸಾಕತೀವಿ' ಎಂಬ ಮಾತಿನೊಳಗೆ ಎಷ್ಟು 'ಕೊಲ್ಲುವುದು' ಅಡಗಿದೆ ಎಂಬುದನ್ನು ಹುಡುಗನಿಗೆ ಅವನ ಪುಟಗಳನ್ನೇ ತೋರಿಸಿ ಹೇಳಿದೆ.

ಅವನು ಸುಲಭವಾಗಿ ಒಪ್ಪಲಿಲ್ಲ. ಒಪ್ಪದಿದ್ದುದು ಒಳ್ಳೆಯದೇ ಆಯಿತು. ಅವನ ಮೂರು ಆಕ್ಷೇಪಗಳು ವಿಚಾರಾರ್ಹವಾಗಿವೆ.

ಮೊದಲನೆಯದು: ಕಡಲಿನಿಂದ ಹಿಡಿಯದೆ, ಸಾಕಿ ಬೆಳೆಸಿದ ಮೀನುಗಳನ್ನೇ ತರಬಹುದಲ್ಲ? ಇದು ನಿಜ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸಿ ಬೆಳೆಸುವ ವಿಧಾನವನ್ನು ರೂಪಿಸಿದೆ. ಕಡಲಿನ ಮೇಲಿನ ಹೊರೆ ಇದರಿಂದ ಕಡಿಮೆಯಾಗುತ್ತದೆ, ಮೀನು ಹಿಡಿಯುವವರಿಗೆ ಬೇರೊಂದು ಜೀವನೋಪಾಯ ದೊರೆಯುತ್ತದೆ; ಇದನ್ನು ಹಗುರವಾಗಿ ಕಾಣಬಾರದು. ಆದರೆ ಬಂಧ ಹಾಗೆಯೇ ಉಳಿಯಿತು, ಸಿಗಡಿಯ ಪೊಟ್ಟಣವೂ ಉಳಿಯಿತು. ಹಿಂಸೆ ಕಡಿಮೆಯಾಯಿತೆಂಬುದು ಬೇರೆ ಮಾತು, ಅದು ಬಸದಿಯ ಕಾಣಿಕೆಯಾಗಲು ಯೋಗ್ಯವಾಯಿತೆಂಬುದು ಬೇರೆ ಮಾತು.

ಎರಡನೆಯದು: ನಾವು ಎತ್ತುಗಳನ್ನು ಹೂಡುತ್ತೇವೆ, ಎಮ್ಮೆಗಳನ್ನು ಕಟ್ಟುತ್ತೇವೆ, ಅದು ಬಂಧವಲ್ಲವೆ? ನಮ್ಮ ಭಾಗದ ಜೈನರಲ್ಲಿ ಬಹುಮಂದಿ ಒಕ್ಕಲುತನದವರು. ಆದ್ದರಿಂದ ಈ ಪ್ರಶ್ನೆ ನೇರವಾಗಿ ನಮ್ಮನ್ನೇ ಕೇಳಿದಂತಿದೆ. ಗೃಹಸ್ಥನ ಹಿಂಸೆಯಲ್ಲಿ ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ಭೇದ ಮಾಡಿರುವುದು ಇದಕ್ಕಾಗಿಯೇ. ಅಡಿಗೆಯಲ್ಲಿ, ಬೇಸಾಯದಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ, ಕಡಿಮೆ ಮಾಡಬಲ್ಲ. ಆದರೆ ಪ್ರಯೋಜನವೇ ಇಲ್ಲದೆ ಮಾಡುವ ಹಿಂಸೆಗೆ ಅನರ್ಥದಂಡವೆಂದು ಹೆಸರಿಟ್ಟು, ಅದನ್ನು ಬಿಡುವುದನ್ನೇ ಒಂದು ಗುಣವ್ರತವನ್ನಾಗಿ ಮಾಡಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಕಾರಣವಾಗಿ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಪ್ರಮಾದಚರ್ಯೆಯೆಂದು ಇದರಲ್ಲಿ ಸೇರಿಸುತ್ತದೆ. ಅದೂ ಅಲ್ಲದೆ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಗಿಳಿ, ನವಿಲು ಮುಂತಾದವುಗಳನ್ನು ಸಾಕುವುದನ್ನು ಶ್ರಾವಕನು ಬಿಡಬೇಕಾದ ಕರ್ಮಾದಾನಗಳಲ್ಲಿ ಎಣಿಸುತ್ತದೆ. ಗೋಡೆಯ ಅಂದಕ್ಕಾಗಿ ಕಡಲನ್ನು ಸೆರೆಯಲ್ಲಿಡುವುದು ಯಾವ ಪಂಕ್ತಿಗೆ ಸೇರುತ್ತದೆಂಬುದನ್ನು ಓದುಗರೇ ನಿರ್ಣಯಿಸಬಹುದು.

ಮೂರನೆಯದು ನನ್ನನ್ನೇ ಕುರಿತದ್ದು. "ನಿಮ್ಮ ಉಂಗುರದಾಗ ಇರೋದೂ ಹವಳನ ಅಲ್ಲೇನ್ರಿ ಕಾಕಾ?" ಎಂದ. ಕುಜದೋಷಕ್ಕೆಂದು ಯಾರೋ ಹೇಳಿ, ಇಪ್ಪತ್ತು ವರ್ಷದಿಂದ ಬೆರಳಿನಲ್ಲಿರುವ ಉಂಗುರ. ನನ್ನಲ್ಲಿ ಉತ್ತರವಿರಲಿಲ್ಲ. ಆಭರಣದ ಹವಳವೂ ಕಡಲಿನ ಸಣ್ಣ ಪ್ರಾಣಿಗಳು ಕಟ್ಟಿದ ಗೂಡೇ. ಮೂಲಾಚಾರದಲ್ಲಿ ಪೃಥ್ವೀಕಾಯಿಕ ಜೀವಗಳ ಎಣಿಕೆಯಲ್ಲಿ ಪ್ರವಾಲ, ಎಂದರೆ ಹವಳ, ಸೇರಿದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಪೆಸ್ಸೊನೆಲ್ ಎಂಬ ವೈದ್ಯನು ಅದು ಗಿಡವಲ್ಲ, ಪ್ರಾಣಿ ಎಂದು ತೋರಿಸಿದನು. ಆಗಮದ ವರ್ಗೀಕರಣವೂ ವಿಜ್ಞಾನದ ವರ್ಗೀಕರಣವೂ ಒಂದೇ ಅಲ್ಲ. ಒಂದೇ ಎಂದು ಹೇಳಿ ಹೆಮ್ಮೆಪಡುವುದೂ ಬೇಡ. ಆದರೆ ಅದರಲ್ಲಿ ಜೀವವಿದೆ ಎಂಬಲ್ಲಿ ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ. ಹುಡುಗನ ತೊಟ್ಟಿಯನ್ನು ವಿಮರ್ಶಿಸುವವನು ತನ್ನ ಬೆರಳನ್ನೂ ವಿಮರ್ಶಿಸಬೇಕು. ಆ ದಿನವೇ ಉಂಗುರವನ್ನು ತೆಗೆದಿಟ್ಟೆ. ಆದರೆ ಅದನ್ನು ಕಡಲಿಗೆ ಎಸೆದು ಬಂದರೂ ಆ ಹವಳಕ್ಕೆ ಮರಳಿ ಜೀವ ಬಾರದು. ತಡವಾಗಿ ಬಂದ ಅರಿವಿನ ಮಿತಿ ಇಷ್ಟು.

ಇಲ್ಲಿ ಆರಂಭದ ಮಾತಿಗೆ ಬರುತ್ತೇನೆ. ಬಟ್ಟೆಯಲ್ಲಿ ಉಳಿದ ಜೀವವನ್ನು ಅದೇ ಬಾವಿಗೆ ಮರಳಿಸು ಎಂದು ಕಲಿಸಿದ ಧರ್ಮ ನಮ್ಮದು. ಘಟಪ್ರಭೆಯ ದಡದಲ್ಲಿರುವ ನಮಗೆ ಕಡಲು ಹತ್ತಿರದ್ದಲ್ಲ. ನಮ್ಮ ನದಿಯೂ ಪಶ್ಚಿಮದ ಕಡಲಿಗೆ ಬೆನ್ನು ತಿರುಗಿಸಿ, ಕೃಷ್ಣೆಯನ್ನು ಕೂಡಿ ಪೂರ್ವಕ್ಕೆ ಹರಿಯುತ್ತದೆ. ಗೋಕಾಕದ ತೊಟ್ಟಿಗೆ ಬಂದ ಕಡಲಮೀನನ್ನು ಅದರ ಬಾವಿಗೆ ಮರಳಿಸುವುದು ಯಾರಿಂದಲೂ ಆಗದು. ಮರಳಿಸಲಾಗದ ಜೀವವನ್ನು ತರಬಾರದು. ಈ ಒಂದು ಒರೆಗಲ್ಲಿಗೆ ಹಚ್ಚಿದರೆ ಹನ್ನೆರಡು ಪುಟಗಳ ಯೋಜನೆಯ ನಿರ್ಣಯ ತಾನಾಗಿ ಆಗುತ್ತದೆ.

ನೇಮಿನಾಥ ಸ್ವಾಮಿಯ ಮದುವೆಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ದಿಬ್ಬಣದ ದಾರಿಯಲ್ಲಿ ಕೂಡಿಹಾಕಿದ ಮೃಗಗಳನ್ನು ಕಂಡು ಸ್ವಾಮಿ ರಥವನ್ನು ತಿರುಗಿಸಿದನು. ಮದುವೆಯ ಮಂಟಪದ ಬಳಿ ಜೀವಿಗಳನ್ನು ಕೂಡಿಹಾಕುವುದು ಎಂತಹ ಅಸಂಗತವೆಂಬುದಕ್ಕೆ ನಮಗೆ ಬೇರೆ ಬೋಧೆ ಬೇಡ. ಜನ್ನನ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನು ಅಲೆದ ಭವಗಳಲ್ಲಿ ಮೀನಿನ ಭವವೂ ಒಂದು. ತೊಟ್ಟಿಯ ಗಾಜಿನ ಆಚೆಗೆ ಇರುವವರು ಯಾರು ಎಂಬುದನ್ನು ಈಚೆಗೆ ನಿಂತವರು ಖಚಿತವಾಗಿ ಹೇಳಬಲ್ಲರೆ?

ಬೇಡವೆಂದು ಹೇಳಿ ಸುಮ್ಮನಾದರೆ ವಿಮರ್ಶೆ ಅರ್ಧವಾಗುತ್ತದೆ. ಹುಡುಗನಲ್ಲಿರುವುದು ಜೀವಗಳ ಬಗೆಗಿನ ಕುತೂಹಲ. ಅದು ಜೀವದಯೆಯ ಬೀಜ, ಅದನ್ನು ಒಣಗಿಸಬಾರದು. ನಮ್ಮ ತಾಲೂಕಿನ ಧೂಪದಾಳದಲ್ಲಿ 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ದೂರದೇಶಗಳಿಂದ ಕೊಕ್ಕರೆ, ಕ್ರೌಂಚಗಳು ತಾವಾಗಿ ಬಂದು ತಾವಾಗಿ ಹೋಗುತ್ತವೆ. ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿಯೂ ನೋಡಬೇಕಾದುದು ಬೇಕಾದಷ್ಟಿದೆ. ಹವಳವನ್ನೇ ಕಾಣಬೇಕೆಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ್ದೇ ಹವಳವಿದೆ. ತೊಟ್ಟಿಗೆ ತೆಗೆದಿರಿಸಿದ ಹಣದ ಒಂದು ಭಾಗದಲ್ಲಿ ಪಾಠಶಾಲೆಯ ಹತ್ತು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದು. ಮುಟ್ಟದೆ, ಮುರಿಯದೆ, ನೋಡಿ ಬರುವುದನ್ನು ಕಲಿಸುವುದೂ ಒಂದು ವ್ರತಶಿಕ್ಷಣವೇ.

ಮನೆಯಲ್ಲಿ ಈಗಾಗಲೇ ತೊಟ್ಟಿ ಇರುವವರಿಗೆ ಒಂದು ವಿನಂತಿ. ಪಶ್ಚಾತ್ತಾಪದಿಂದ ಮೀನುಗಳನ್ನು ಘಟಪ್ರಭೆಗೋ ಹಿರಣ್ಯಕೇಶಿಗೋ ಬಿಡಬೇಡಿ. ಕಡಲಮೀನು ಸಿಹಿನೀರಿನಲ್ಲಿ ಸಾಯುತ್ತದೆ. ಪರದೇಶದ ಸಿಹಿನೀರಿನ ಮೀನು ಬದುಕಿದರೆ ನದಿಯ ಸ್ವಂತ ಮೀನುಗಳಿಗೆ ಕಂಟಕವಾಗುತ್ತದೆ. ಇರುವ ಜೀವಿಗಳನ್ನು ಅವುಗಳ ಆಯುಷ್ಯ ಮುಗಿಯುವ ತನಕ ಚೆನ್ನ���ಗಿ ನೋಡಿಕೊಳ್ಳಿ, ಹೊಸದನ್ನು ತರಬೇಡಿ. ಹವಳವಿದ್ದರೆ ಅರಣ್ಯ ಇಲಾಖೆಯವರನ್ನು ಕಂಡು ವಿಚಾರಿಸಿ.

ನಮ್ಮ ಟ್ರಸ್ಟಿನ ಸಭೆ ದಶಲಕ್ಷಣ ಪರ್ವದ ನಂತರ ಸೇರಲಿದೆ. ಕಾಣಿಕೆಯನ್ನು ನಿರಾಕರಿಸಿದರೆ ದಾನಿಗಳಿಗೆ ನೋವಾದೀತೆಂದು ಕೆಲವು ಸದಸ್ಯರು ಹಿಂಜರಿಯುತ್ತಿದ್ದಾರೆ. ತಾಯಿಯ ಸ್ಮರಣೆಗೆಂದು ಕೊಡುವ ವಸ್ತು ಆ ತಾಯಿ ಬಾಳಿದ ಆಚಾರಕ್ಕೆ ಒಪ್ಪುವಂತಿರಬೇಕು ಎಂದು ನಾನು ಸಭೆಯಲ್ಲಿ ಹೇಳುವವನಿದ್ದೇನೆ. ಆ ತಾಯಿಯನ್ನು ನಾನು ಬಲ್ಲೆ. ನಲ್ಲಿ ಬಂದ ಮೇಲೆಯೂ ಅವರು ಹಿತ್ತಲ ಬಾವಿಯ ನೀರನ್ನು ಗಾಳಿಸಿ, ಬಟ್ಟೆಯನ್ನು ಮೆಲ್ಲಗೆ ಬಾವಿಯೊಳಕ್ಕೆ ಇಳಿಬಿಟ್ಟು ತೊಳೆಯುತ್ತಿದ್ದರು.